ಇಬ್ಬರ ಹವ್ಯಾಸ, ಒಬ್ಬೊಬ್ಬರ ಕಾಗದ: ಅಮೆರಿಕದಲ್ಲಿ ಗಂಡ-ಹೆಂಡತಿ ಸೇರಿ ಹಳೇ ರಿವಾಲ್ವರ್ ಸಂಗ್ರಹಿಸುವ ಬಗೆ

ಮನೆ, ಕಾರು, ಬ್ಯಾಂಕ್ ಖಾತೆ ಎಲ್ಲವೂ ಇಬ್ಬರ ಹೆಸರಲ್ಲಿರಬಹುದು. ಬಂದೂಕಿನ ಕಾನೂನು ಮಾತ್ರ ಗಂಡ-ಹೆಂಡತಿಯನ್ನು ಬೇರೆ ಬೇರೆ ಇಬ್ಬರು ಅಂತಲೇ ನೋಡುತ್ತದೆ. ಜೋಡಿಯಾಗಿ ರಿವಾಲ್ವರ್ ಕೂಡಿಸುವವರು ಎಡವುವುದು ಹೆಚ್ಚಾಗಿ ಇಲ್ಲೇ. ಆದ್ದರಿಂದ ಮೊದಲು ಕಾಗದ, ಆಮೇಲೆ ಕಬ್ಬಿಣ.

ಯಾರ ಹೆಸರು, ಯಾರ ಕೈ

ಎಚ್-1ಬಿ, ಎಚ್-4, ಎಫ್-1 ವೀಸಾದಲ್ಲಿರುವವರು ಬಂದೂಕು ಕೊಳ್ಳುವುದಿರಲಿ, ಇಟ್ಟುಕೊಳ್ಳುವುದೂ ಫೆಡರಲ್ ಕಾನೂನಿನಲ್ಲಿ ಅಪರಾಧ. ಬೇಟೆಯ ಲೈಸೆನ್ಸಿನಂಥ ಕೆಲವು ವಿನಾಯಿತಿಗಳಿವೆ, ಆದರೆ ವಕೀಲರನ್ನು ಕೇಳದೆ ಅದನ್ನು ನಂಬಿ ಹೊರಡಬೇಡಿ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಡೆ ಇಲ್ಲ. ತೊಡಕಿರುವುದು ಒಬ್ಬರು ನಾಗರಿಕರಾಗಿದ್ದು ಇನ್ನೊಬ್ಬರು ವೀಸಾದಲ್ಲಿರುವ ಮನೆಯಲ್ಲಿ. ತಿಜೋರಿಯ ಕೀಲಿ ಅಥವಾ ನಂಬರು ವೀಸಾದವರಿಗೂ ಗೊತ್ತಿದ್ದರೆ ಬಂದೂಕು ಅವರ ವಶದಲ್ಲೂ ಇದೆ ಎಂದೇ ಕೋರ್ಟು ಎಣಿಸಬಹುದು. ಅಂಥ ಮನೆಯಲ್ಲಿ ಗ್ರೀನ್ ಕಾರ್ಡ್ ಬರುವವರೆಗೆ ಓದಿ, ಮ್ಯೂಸಿಯಂ ನೋಡಿ, ಕೊಳ್ಳಬೇಡಿ.

ಅಂಗಡಿಯಲ್ಲಿ ಕೊಳ್ಳುವಾಗ 4473 ಎಂಬ ಫಾರಂ ತುಂಬಬೇಕು. ನಿಜವಾಗಿ ಕೊಳ್ಳುವವರು ನೀವೇನಾ ಎಂಬ ಪ್ರಶ್ನೆ ಅದರಲ್ಲಿದೆ. ನಿಮ್ಮ ದುಡ್ಡಿನಲ್ಲಿ ಕೊಂಡು ಹೆಂಡತಿಗೆ ಹುಟ್ಟುಹಬ್ಬದ ಉಡುಗೊರೆ ಕೊಟ್ಟರೆ ತಪ್ಪಿಲ್ಲ, ಅವರಿಗೆ ಬಂದೂಕು ಹೊಂದುವ ಅರ್ಹತೆ ಇರಬೇಕಷ್ಟೆ. ಆದರೆ ಅವರು ದುಡ್ಡು ಕೊಟ್ಟು, ಅವರಿಗೆ ಬೇಕಾದ್ದನ್ನು ನೀವು ನಿಮ್ಮ ಹೆಸರಲ್ಲಿ ಕೊಂಡರೆ ಅದು ಸುಳ್ಳು ಹೇಳಿಕೆ. ಜಂಟಿ ಖಾತೆಯ ದುಡ್ಡಾದರೆ ಗೆರೆ ಮಸುಕಾಗುತ್ತದೆ. ಆದ್ದರಿಂದ ಯಾರಿಗಾಗಿ ಕೊಳ್ಳುತ್ತೀರೋ ಅವರೇ ಕೌಂಟರಿನಲ್ಲಿ ನಿಂತು ಸಹಿ ಹಾಕುವುದನ್ನು ರೂಢಿ ಮಾಡಿಕೊಳ್ಳಿ.

ರಾಜ್ಯದ ಕಾನೂನು ಬೇರೆಯೇ ಇದೆ. ನಮ್ಮವರು ಹೆಚ್ಚಿರುವ ನ್ಯೂಜೆರ್ಸಿಯಲ್ಲಿ ಒಂದೊಂದು ಹ್ಯಾಂಡ್‌ಗನ್ನಿಗೂ ಒಂದೊಂದು ಪರ್ಮಿಟ್ಟು. ಇಲಿನಾಯಲ್ಲಿ ಬಂದೂಕು ಇಟ್ಟುಕೊಳ್ಳಲು ಬೇಕಾದ ಫಾಯ್ಡ್ ಕಾರ್ಡು ಗಂಡನಿಗೊಂದು, ಹೆಂಡತಿಗೊಂದು. ನ್ಯೂಯಾರ್ಕಿನಲ್ಲಿ ಒಂದೊಂದರ ಸೀರಿಯಲ್ ನಂಬರೂ ಲೈಸೆನ್ಸಿನ ಮೇಲೆ ಏರಬೇಕು.

ಇಬ್ಬರೂ ಅರ್ಹರಾಗಿದ್ದರೆ ‘ಕ್ಯೂರಿಯೋ ಅಂಡ್ ರೆಲಿಕ್’ ಎಂಬ ಹಳೇ ಬಂದೂಕು ಸಂಗ್ರಾಹಕರ ಫೆಡರಲ್ ಲೈಸೆನ್ಸ್, ಅಂದರೆ ಟೈಪ್ 03, ತೆಗೆದುಕೊಳ್ಳಿ. ಮೂರು ವರ್ಷಕ್ಕೆ 30 ಡಾಲರ್. 50 ವರ್ಷ ದಾಟಿದ, ಮೂಲ ಸ್ಥಿತಿಯಲ್ಲಿರುವ ರಿವಾಲ್ವರನ್ನು ಹೊರರಾಜ್ಯದಿಂದಲೂ ನೇರವಾಗಿ ತರಿಸಿಕೊಳ್ಳಬಹುದು, ನಿಮ್ಮ ರಾಜ್ಯ ಅಡ್ಡ ಬರದಿದ್ದರೆ. ಇದು ವ್ಯಾಪಾರದ ಪರವಾನಗಿ ಅಲ್ಲ, ಮತ್ತು ಒಬ್ಬರು ತೆಗೆದುಕೊಂಡರೆ ಇನ್ನೊಬ್ಬರಿಗೆ ಅನ್ವಯಿಸುವುದಿಲ್ಲ. ಲೈಸೆನ್ಸ್ ಬಂದ ಮೇಲೆ ಬೌಂಡ್ ಬುಕ್ ಎಂಬ ಲೆಕ್ಕದ ಪುಸ್ತಕ ಬರೆಯಬೇಕು. ಬಂದದ್ದನ್ನು ಮರು ವ್ಯವಹಾರದ ದಿನ ಮುಗಿಯುವುದರೊಳಗೆ, ಹೋದದ್ದನ್ನು 7 ದಿನದೊಳಗೆ ದಾಖಲಿಸಬೇಕು. ಗಂಡನ ಪುಸ್ತಕದಲ್ಲಿರುವ ಕೋಲ್ಟ್ ಕಂಪನಿಯ ರಿವಾಲ್ವರನ್ನು ಹೆಂಡತಿಗೆ ಕೊಟ್ಟರೂ ಅಲ್ಲಿ ‘ಹೋಯಿತು’ ಎಂದು ಬರೆಯಬೇಕು, ಅವರಿಗೂ ಲೈಸೆನ್ಸ್ ಇದ್ದರೆ ಅವರ ಪುಸ್ತಕದಲ್ಲಿ ‘ಬಂತು’ ಎಂದು. ಅಡುಗೆಮನೆಯ ಮೇಜಿನ ಈ ಬದಿಯಿಂದ ಆ ಬದಿಗೆ ಹೋದರೂ ಅಷ್ಟೇ.

1898ರಲ್ಲಿ ಅಥವಾ ಅದಕ್ಕೂ ಮೊದಲು ತಯಾರಾದವು ಫೆಡರಲ್ ಲೆಕ್ಕದಲ್ಲಿ ಆಂಟಿಕ್. ಅವಕ್ಕೆ ಈ ಫಾರಂಗಳ ತಲೆನೋವಿಲ್ಲ.

ಏನನ್ನು ಕೂಡಿಸುವುದು

ಕಂಡದ್ದೆಲ್ಲ ಕೊಂಡರೆ ಅದು ಸಂಗ್ರಹವಲ್ಲ, ಅಟ್ಟ. ಒಂದು ಸಣ್ಣ ಗೆರೆ ಎಳೆದುಕೊಳ್ಳಿ. ಇಬ್ಬರು ಸೇರಿ ಶುರುಮಾಡುವುದಕ್ಕೆ ಸ್ಮಿತ್ ಅಂಡ್ ವೆಸನ್ ಕಂಪನಿಯ ಕೆ-ಫ್ರೇಮ್, ಅಂದರೆ ಮಧ್ಯಮ ಗಾತ್ರದ ಚೌಕಟ್ಟಿನ ರಿವಾಲ್ವರ್, ಹೇಳಿಮಾಡಿಸಿದ್ದು. ಬೇಕಾದಷ್ಟು ಸಿಗುತ್ತದೆ, ದಾಖಲೆ ಚೆನ್ನಾಗಿದೆ, ಬೆಲೆಯೂ ಕೋಲ್ಟ್ ಪೈಥಾನಿನ ಹಾಗೆ ಮುಗಿಲು ಮುಟ್ಟಿಲ್ಲ. 1899ರ ಮಿಲಿಟರಿ ಅಂಡ್ ಪೊಲೀಸ್‌ನಿಂದ ಹಿಡಿದು ಒಬ್ಬರು ನಳಿಗೆಯ ಉದ್ದದ ಹಿಂದೆ ಬೀಳಬಹುದು: 2, 4, 5, 6 ಇಂಚು. ಇನ್ನೊಬ್ಬರು ಎರಡನೇ ಮಹಾಯುದ್ಧದ ನಂತರದ ಮಾಸ್ಟರ್‌ಪೀಸ್ ತ್ರಿವಳಿಯನ್ನು ಹುಡುಕಬಹುದು: ಕೆ-22, ಕೆ-32, ಕೆ-38. ಗುಂಡಿನ ಅಳತೆ ಮೂರಕ್ಕೂ ಬೇರೆ, ಆದರೂ ಕೈಗೆ ಒಂದೇ ತೂಕ ಬರಲೆಂದು ನಳಿಗೆಯ ಮೇಲಿನ ಪಟ್ಟಿಯ ಅಗಲವನ್ನೇ ಹೆಚ್ಚುಕಡಿಮೆ ಮಾಡಿದ್ದರು. ಕೆ-32 ಅಪರೂಪ. ಅದು ಮೊದಲು ಸಿಕ್ಕರೆ ಮಿಕ್ಕೆರಡು ತಾನಾಗಿ ಬರುತ್ತವೆ, ಅದನ್ನು ಕೊನೆಗೆ ಬಿಟ್ಟರೆ ವರ್ಷಗಟ್ಟಲೆ ಕಾಯಬೇಕು.

1957ರಿಂದ ಮಾಡೆಲ್ ನಂಬರು ಬಂತು. ಗುಂಡು ತುಂಬುವ ಸಿಲಿಂಡರನ್ನು ಹೊರಗೆ ತಿರುಗಿಸಿದಾಗ, ಅದನ್ನು ಹಿಡಿದ ಯೋಕ್ ಎಂಬ ತೋಳು ಕೂರುವ ಜಾಗದಲ್ಲಿ ಆ ನಂಬರು ಕಾಣುತ್ತದೆ. 10-5 ಎಂದಿದ್ದರೆ ಮಾಡೆಲ್ 10, ಐದನೇ ತಾಂತ್ರಿಕ ಬದಲಾವಣೆ. ಮಿಲಿಟರಿ ಅಂಡ್ ಪೊಲೀಸ್‌ನ ಯುದ್ಧಕಾಲದ ರೂಪವಾದ ವಿಕ್ಟರಿ ಮಾಡೆಲ್ಲಿನ ಸೀರಿಯಲ್ ‘ವಿ’ ಅಕ್ಷರದಿಂದ ಶುರುವಾಗುತ್ತದೆ.

ವಿಕ್ಟರಿಯಲ್ಲಿ ಒಂದು ಬಲೆ ಇದೆ. ಬ್ರಿಟನ್ನಿಗೆ ಹೋದವು .38 ಎಸ್ ಅಂಡ್ ಡಬ್ಲ್ಯೂ ಎಂಬ ಗುಂಡಿಗೆ ಮಾಡಿದವು. ಆಮೇಲೆ ಅಮೆರಿಕಕ್ಕೆ ವಾಪಸಾದಾಗ ಮಾರುವವರು ಎಷ್ಟೋ ಸಿಲಿಂಡರುಗಳನ್ನು .38 ಸ್ಪೆಷಲ್ ಗುಂಡು ಹಿಡಿಯುವಂತೆ ಕೊರೆದರು. ಚೇಂಬರಿನೊಳಗೆ, ಅಂದರೆ ಸಿಲಿಂಡರಿನಲ್ಲಿ ಗುಂಡು ಕೂರುವ ತೂತಿನೊಳಗೆ, ಬೆಳಕು ಬಿಟ್ಟು ನೋಡಿ. ಒಂದೇ ಮೆಟ್ಟಿಲಿದ್ದರೆ ಮೂಲದ್ದು, ಎರಡು ಕಂಡರೆ ಕೊರೆದದ್ದು. ಸ್ಪೆಷಲ್ ಗುಂಡಿನ ಕೋಶ ಸಪೂರ, ಚೇಂಬರಿನ ಹಿಂಭಾಗ ಅಗಲ, ಹಾಗಾಗಿ ಹಾರಿಸಿದಾಗ ಕೋಶ ಉಬ್ಬುತ್ತದೆ, ಸೀಳುತ್ತದೆ. ಬ್ರಿಟನ್ನಿನ ವೆಬ್ಲಿ ರಿವಾಲ್ವರಿನ ಕಥೆಯೂ ಇಂಥದ್ದೇ. .455ರ ಸಿಲಿಂಡರಿನ ಹಿಂಬದಿಯನ್ನು ಅರೆದು .45 ಎಸಿಪಿ ಗುಂಡು ಹಿಡಿಯುವಂತೆ ಮಾಡಿದವು ಬಹಳ. ಸಂಗ್ರಾಹಕರಿಗೆ ಅದರ ಬೆಲೆ ಇಳಿದಂತೆಯೇ, ಹಾರಿಸುವುದಂತೂ ಅಪಾಯ.

ಮೇಜಿನ ಮುಂದೆ ಐದು ನಿಮಿಷ

ಇಬ್ಬರಿರುವುದರ ಲಾಭ ಇಲ್ಲಿ, ಗನ್ ಶೋದಲ್ಲಿ ಮಾರುವವರ ಮೇಜಿನ ಮುಂದೆ. ಒಬ್ಬರು ಯಂತ್ರ ನೋಡಿ, ಇನ್ನೊಬ್ಬರು ಮೈ ಮತ್ತು ನಂಬರು ನೋಡಿ. ಇಬ್ಬರೂ ಹೂಂ ಅಂದರೆ ಮಾತ್ರ ದುಡ್ಡು ತೆಗೆಯಿರಿ, ಒಬ್ಬರು ಬೇಡ ಅಂದರೆ ಕಾರಣ ಕೇಳದೆ ಮುಂದಿನ ಮೇಜಿಗೆ ನಡೆಯಿರಿ. ಕನ್ನಡದಲ್ಲಿ ಮಾತಾಡಿಕೊಂಡರೆ ಮಾರುವವರಿಗೆ ತಿಳಿಯುವುದಿಲ್ಲ ಅಂದುಕೊಳ್ಳಬೇಡಿ. ಮಾತು ಕನ್ನಡವಾದರೂ ಅರಳಿದ ಮುಖಕ್ಕೆ ಭಾಷೆ ಬೇಕಿಲ್ಲ.

ಕೈಗೆ ತೆಗೆದುಕೊಂಡ ತಕ್ಷಣ ಸಿಲಿಂಡರ್ ತೆರೆದು ಎಲ್ಲ ಚೇಂಬರೂ ಖಾಲಿಯೇ ಎಂದು ಇಬ್ಬರೂ ನೋಡಿ. ಸಿಲಿಂಡರ್ ಬಿಡಿಸುವ ಲ್ಯಾಚನ್ನು ಕೋಲ್ಟಿನಲ್ಲಿ ಹಿಂದಕ್ಕೆ ಎಳೆಯಬೇಕು, ಸ್ಮಿತ್‌ನಲ್ಲಿ ಮುಂದಕ್ಕೆ ತಳ್ಳಬೇಕು, ರೂಗರಿನಲ್ಲಿ ಒಳಕ್ಕೆ ಒತ್ತಬೇಕು. ಗುಂಡಿಗೆ ಬಡಿಯುವ ಹ್ಯಾಮರ್ ಎಳೆಯುವ ಮೊದಲು ಮಾರುವವರ ಅನುಮತಿ ಕೇಳಿ. .22 ರಿಮ್‌ಫೈರನ್ನು ಖಾಲಿ ಹೊಡೆಯಲೇಬೇಡಿ, ಪಿನ್ನು ಚೇಂಬರಿನ ಅಂಚನ್ನೇ ಜಜ್ಜಬಹುದು.

ಟೈಮಿಂಗ್, ಅಂದರೆ ಚೇಂಬರ್ ಸರಿಯಾದ ಹೊತ್ತಿಗೆ ನಳಿಗೆಗೆ ನೇರ ನಿಲ್ಲುತ್ತದೆಯೇ ಎಂಬುದನ್ನು, ಹೀಗೆ ನೋಡಿ. ಸಿಲಿಂಡರಿನ ಮೇಲೆ ಒಂದು ಬೆರಳಿಟ್ಟು ಲಘುವಾಗಿ ತಡೆಯುತ್ತ, ಹ್ಯಾಮರನ್ನು ಬಹಳ ನಿಧಾನ ಹಿಂದಕ್ಕೆ ಎಳೆಯಿರಿ. ಹ್ಯಾಮರ್ ಪೂರ್ತಿ ಹಿಂದೆ ಕೂರುವ ಮೊದಲೇ ಸಿಲಿಂಡರಿನ ಕಚ್ಚಿಗೆ ಅದನ್ನು ತಡೆಹಿಡಿಯುವ ಸ್ಟಾಪ್ ‘ಟಿಕ್’ ಎಂದು ಬೀಳಬೇಕು. ಹ್ಯಾಮರ್ ಕೂತ ಮೇಲೂ ಸಿಲಿಂಡರ್ ತುಸು ಹಿಂದುಳಿದು, ಬೆರಳಲ್ಲಿ ತಳ್ಳಿದಾಗ ಟಿಕ್ ಎಂದರೆ ಸಿಲಿಂಡರ್ ತಿರುಗಿಸುವ ಹ್ಯಾಂಡ್ ಎಂಬ ಬಿಡಿಭಾಗವೋ ಅದು ತಳ್ಳುವ ಹಲ್ಲುಗಳ ರಾಚೆಟ್ಟೋ ಸವೆದಿದೆ. ಆರು ಚೇಂಬರಿಗೂ ಒಂದೊಂದು ಸಲ ಮಾಡಿ. ಐದು ಸರಿ ಇದ್ದು ಒಂದು ಕೈಕೊಡುವುದು ಮಾಮೂಲು.

ಮುಂದೆ ಫೀಲರ್ ಗೇಜ್, ಅಂದರೆ ಸಂದು ಅಳೆಯುವ ತೆಳು ಲೋಹದ ಎಲೆಗಳ ಕಟ್ಟು. ಖಾಲಿ ಸಿಲಿಂಡರ್ ಮುಚ್ಚಿ ಅದನ್ನು ಹಿಂದಕ್ಕೆ ಒತ್ತಿ ಹಿಡಿದು, ನಳಿಗೆಯ ಬುಡಕ್ಕೂ ಸಿಲಿಂಡರಿನ ಮುಖಕ್ಕೂ ನಡುವೆ ಹೋಗುವ ಅತಿ ದಪ್ಪದ ಎಲೆ ಯಾವುದು ನೋಡಿ. ಆಮೇಲೆ ಸಿಲಿಂಡರನ್ನು ಮುಂದಕ್ಕೆ ಒತ್ತಿ ಮತ್ತೆ ಅಳೆಯಿರಿ. ಹಿಂದೆ ಒತ್ತಿದಾಗ 0.007 ಇಂಚು, ಮುಂದೆ ಒತ್ತಿದಾಗ 0.005 ಬಂದರೆ ಎಂಡ್‌ಶೇಕ್, ಅಂದರೆ ಸಿಲಿಂಡರಿನ ಹಿಂದೆಮುಂದಿನ ಅಲುಗಾಟ, 0.002, ಚಿಂತೆಯಿಲ್ಲ. ವ್ಯತ್ಯಾಸ 0.004 ದಾಟಿದರೆ ರಿಪೇರಿ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಸಂದು 0.010ಕ್ಕಿಂತ ಹೆಚ್ಚಿದ್ದರೆ ಬಿಡಿ. ಸಿಲಿಂಡರಿನ ಅಡ್ಡ ಅಲುಗಾಟ ಸ್ಮಿತ್‌ನಲ್ಲಿ ಚೂರು ಇದ್ದೇ ಇರುತ್ತದೆ. ಹಳೇ ಕೋಲ್ಟಿನಲ್ಲಿ ಟ್ರಿಗರ್ ಒತ್ತಿ ಹಿಡಿದಾಗ ಅಲುಗಬಾರದು.

ಹ್ಯಾಮರನ್ನು ಹಿಂದೆ ಕೂರಿಸಿ ಹೆಬ್ಬೆರಳಿನಿಂದ ಮೆಲ್ಲಗೆ ಮುಂದಕ್ಕೆ ದೂಡಿ. ಜಾರಿ ಬಿದ್ದರೆ ಒಳಗೆ ಸವೆದಿದೆ, ಇಲ್ಲವೇ ಯಾರೋ ಅರ ಹಾಕಿದ್ದಾರೆ. .357ರ ಮಾಡೆಲ್ 19 ಆದರೆ ನಳಿಗೆಯ ಬುಡದ ಕೆಳಭಾಗ ನೋಡಿ. ಯೋಕಿಗೆ ಜಾಗ ಬಿಡಲು ಅಲ್ಲಿ ಲೋಹವನ್ನು ತೆಳ್ಳಗೆ ಮಾಡಿರುತ್ತಾರೆ, ಬಿರುಕು ಬಿಡುವುದು ಅಲ್ಲೇ.

ಹೊಳಪಿಗೆ ಮರುಳಾಗಬೇಡಿ

ಮತ್ತೆ ಬಣ್ಣ ಕಂಡ ರಿವಾಲ್ವರ್ ಎಷ್ಟೇ ಮಿಂಚಿದರೂ, ಕಾರ್ಖಾನೆಯ ಮೂಲ ನೀಲಿ ಬಣ್ಣ ಸವೆದಿರುವುದರ ಮುಂದೆಯೂ ಸಪ್ಪೆ. ಪಾಲಿಶ್ ಚಕ್ರಕ್ಕೆ ಕೊಟ್ಟದ್ದನ್ನು ಹಿಡಿಯುವುದು ಸುಲಭ: ಸ್ಕ್ರೂ ತೂತಿನ ಸುತ್ತ ತಟ್ಟೆಯಂತೆ ತಗ್ಗು, ಚೂಪಿರಬೇಕಾದ ಅಂಚು ದುಂಡಗೆ, ಅಕ್ಷರಗಳ ಅಂಚು ಕರಗಿದಂತೆ. ಸ್ಮಿತ್‌ನ ಹ್ಯಾಮರ್, ಟ್ರಿಗರ್‌ಗಳು ಮಚ್ಚೆಮಚ್ಚೆ ಬಣ್ಣ ಬಿಡುವ ಕೇಸ್ ಹಾರ್ಡನಿಂಗ್ ಎಂಬ ಶಾಖದ ಸಂಸ್ಕಾರದೊಂದಿಗೆ ಬರುತ್ತಿದ್ದವು. ಅವಕ್ಕೂ ನಿಕ್ಕಲ್ ಹತ್ತಿದ್ದರೆ ಕಾರ್ಖಾನೆಯ ಹೊರಗೆ ಯಾರೋ ಕೈ ಆಡಿಸಿದ್ದಾರೆ ಎಂದೇ ಶಂಕಿಸಿ. ಸೀರಿಯಲ್ ಪಕ್ಕ ನಕ್ಷತ್ರದ ಗುರುತಿದ್ದರೆ ಮತ್ತೆ ಕಾರ್ಖಾನೆಗೇ ಹೋಗಿ ಬಂದದ್ದು. ಅದು ಅಷ್ಟು ಕೆಟ್ಟದ್ದಲ್ಲ.

ಹಳೆಯವುಗಳಲ್ಲಿ ಹಿಡಿಯ ತಳ, ಸಿಲಿಂಡರಿನ ಹಿಂಬದಿ, ನಳಿಗೆಯ ಅಡಿ, ಈ ಮೂರೂ ಕಡೆ ಒಂದೇ ನಂಬರಿರಬೇಕು. ಮೂಲ ಮರದ ಹಿಡಿಯ ಬಲ ಹಲಗೆಯ ಒಳಗೂ ನಂಬರು ಸಿಗಬಹುದು. ಪೆಟ್ಟಿಗೆ ಸಮೇತ ಎಂದು ಹೆಚ್ಚು ಬೆಲೆ ಕೇಳಿದರೆ ಪೆಟ್ಟಿಗೆಯ ತಳದಲ್ಲಿ ಮೇಣದ ಪೆನ್ಸಿಲಿನಲ್ಲಿ ಬರೆದ ಸೀರಿಯಲ್ ನೋಡಿ. ಖಾಲಿ ಪೆಟ್ಟಿಗೆಗಳು ಬೇರೆಯೇ ಮಾರಾಟಕ್ಕಿರುತ್ತವೆ. ದೊಡ್ಡ ಮೊತ್ತದ್ದಾದರೆ ಸ್ಮಿತ್ ಅಥವಾ ಕೋಲ್ಟ್ ದಾಖಲೆಗಳಿಂದ ಪತ್ರ ತರಿಸಿ. ಯಾವ ದಿನ, ಯಾವ ಬಣ್ಣದಲ್ಲಿ, ಎಷ್ಟು ಇಂಚಿನ ನಳಿಗೆಯೊಂದಿಗೆ, ಯಾರಿಗೆ ಹೋಯಿತು ಎಂಬುದು ಅದರಲ್ಲಿರುತ್ತದೆ.

ಹರಾಜಿನಲ್ಲಿ ಕೂಗುವ ಮುಂಚೆ ಪೂರ್ತಿ ಲೆಕ್ಕ ಹಾಕಿ. 800 ಡಾಲರಿಗೆ ನಿಂತರೆ, ಹರಾಜಿನವರ 20 ಶೇಕಡ ಪ್ರೀಮಿಯಂ 160, ಸಾಗಣೆ 50, ಡೀಲರಿನ ವರ್ಗಾವಣೆ ಶುಲ್ಕ 30: ಒಟ್ಟು 1,040, ತೆರಿಗೆ ಬೇರೆ. 03 ಲೈಸೆನ್ಸ್ ಇದ್ದರೆ ಆ 30 ಉಳಿಯಬಹುದು.

ಮನೆಗೆ ತಂದ ಮೇಲೆ

ಚರ್ಮದ ಹೋಲ್‌ಸ್ಟರಿನಲ್ಲಾಗಲಿ ಸ್ಪಂಜಿನ ಪೆಟ್ಟಿಗೆಯಲ್ಲಾಗಲಿ ಇಡಬೇಡಿ, ಎರಡೂ ತೇವ ಹಿಡಿದಿಟ್ಟು ತುಕ್ಕು ಹುಟ್ಟಿಸುತ್ತವೆ. ನೈಟ್ರೈಲ್ ಕೈಗವಸು, ಮೆತ್ತನೆ ಬಟ್ಟೆ, ರಿನೈಸಾನ್ಸ್ ಮೇಣದ ತೆಳು ಪದರ ಸಾಕು. ತಿಜೋರಿಯಲ್ಲಿ ತೇವಾಂಶ 40ರಿಂದ 50 ಶೇಕಡ ಇರಲಿ. ಅದಕ್ಕಿಂತ ಬಹಳ ಒಣಗಿಸಿದರೆ ಮರದ ಹಿಡಿ ಕುಗ್ಗುತ್ತದೆ. ನಿಕ್ಕಲ್ ಲೇಪದ್ದಕ್ಕೆ ಅಮೋನಿಯಾ ಇರುವ ತಾಮ್ರ ತೆಗೆಯುವ ದ್ರಾವಣ ಸೋಕಿಸಬೇಡಿ. ಎಷ್ಟೋ ಲೇಪಗಳ ಅಡಿಯಲ್ಲಿ ತಾಮ್ರದ ಪದರವಿರುತ್ತದೆ, ಗೀರಿನ ಮೂಲಕ ದ್ರಾವಣ ಒಳಗಿಳಿದರೆ ನಿಕ್ಕಲ್ ಸಿಪ್ಪೆಯಂತೆ ಏಳುತ್ತದೆ. ಸ್ಕ್ರೂ ಬಿಚ್ಚಲು ಕಚ್ಚಿಗೆ ಸರಿಯಾಗಿ ಕೂರುವ ಹಾಲೋ-ಗ್ರೌಂಡ್ ತುದಿಯೇ ಬೇಕು. ಮನೆಯ ಸಾಮಾನ್ಯ ಸ್ಕ್ರೂಡ್ರೈವರ್ ಒಂದೇ ಒಂದು ಸಲ ಜಾರಿದರೆ ಸಾಕು, ಬೆಲೆ ಬಿತ್ತು.

ಗೃಹ ವಿಮೆಯಲ್ಲಿ ಬಂದೂಕು ಕಳವಿಗೆ ಸಾಮಾನ್ಯವಾಗಿ 2,500 ಡಾಲರಿನಂಥ ಮಿತಿಯಿರುತ್ತದೆ. ಮೂರನೇ ರಿವಾಲ್ವರ್ ಬರುವ ಹೊತ್ತಿಗೆ ಅದು ಮುಗಿಯಿತು. ವಿಮೆಯಲ್ಲಿ ಅವನ್ನು ಒಂದೊಂದಾಗಿ ಬೇರೆ ಪಟ್ಟಿ ಮಾಡಿಸಿ.

ಊರಿಗೆ ಹೋಗುವವರಿಗೆ ಒಂದು ಮಾತು. ಗನ್ ಶೋಗೋ ರೇಂಜಿಗೋ ಒಯ್ದ ಬ್ಯಾಗನ್ನು ವಿಮಾನಕ್ಕೆ ಒಯ್ಯಬೇಡಿ. ಮೂಲೆಯಲ್ಲಿ ಸಿಕ್ಕಿಕೊಂಡ ಒಂದು ತೋಟಾ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಸಿಕ್ಕರೆ ಶಸ್ತ್ರಾಸ್ತ್ರ ಕಾಯ್ದೆಯ ಕೇಸು. ನಿವೃತ್ತಿಯಾದ ಮೇಲೆ ಸಂಗ್ರಹ ಸಮೇತ ವಾಪಸ್ ಹೋಗುವ ಯೋಚನೆಯನ್ನೂ ಬಿಡಿ. 2019ರ ತಿದ್ದುಪಡಿಯ ನಂತರ ಭಾರತದಲ್ಲಿ ಲೈಸೆನ್ಸ್ ಇದ್ದವರಿಗೂ ಎರಡೇ ಬಂದೂಕು.

ಕಡೆಯದಾಗಿ, ಒಂದೊಂದಕ್ಕೂ ಒಂದು ಹಾಳೆ ಮಾಡಿ: ಎರಡೂ ಬದಿಯ ಫೋಟೊ, ಸೀರಿಯಲ್, ಒಡೆಯರು ಯಾರು, ಕೊಂಡ ದಿನ, ಇಂದಿನ ಅಂದಾಜು, ಮಾರಬೇಕಾದರೆ ಯಾರನ್ನು ಕೇಳಬೇಕು. ಒಂದು ಪ್ರತಿ ತಿಜೋರಿಯ ಹೊರಗಿರಲಿ. ಕೊಂಡ ಬೆಲೆಯನ್ನು ಅಲ್ಲಿ ಸತ್ಯವಾಗಿ ಬರೆಯಿರಿ. 1,040 ಡಾಲರ್ ಕೊಟ್ಟು ಮನೆಯಲ್ಲಿ 400 ಅಂತ ಹೇಳಿಟ್ಟರೆ, ನಾಳೆ ನೀವಿಲ್ಲದಾಗ ಉಳಿದವರು ಅದನ್ನು 450ಕ್ಕೆ ಮಾರಿ ಲಾಭವಾಯಿತು ಅಂದುಕೊಳ್ಳುತ್ತಾರೆ.