ಯಜ್ದ್‌ನಿಂದ ಮಾಹಾನ್‌ವರೆಗೆ: ನೀರಿನ ಗುರುತು ಹಿಡಿದು ಹಳೆಯ ಸಾರ್ಥದ ದಾರಿ ಹುಡುಕುವುದು

ಇರಾನಿನ ಹಳೆಯ ಸಾರ್ಥದ (ಹೇರು ಹೊತ್ತು ಸಾಲಾಗಿ ಸಾಗುವ ವ್ಯಾಪಾರಿ ತಂಡದ) ದಾರಿ ನೋಡಲು ಹೊರಟವರು ಸಾಮಾನ್ಯವಾಗಿ ಕೋಟೆ, ಮಸೀದಿ, ಸರಾಯಿಗಳ ಪಟ್ಟಿ ಹಿಡಿದು ಒಂದರಿಂದ ಇನ್ನೊಂದಕ್ಕೆ ಕಾರಿನಲ್ಲಿ ಹಾರುತ್ತಾರೆ. ಹಾಗೆ ಹೋದರೆ ಪಾಳುಗೋಡೆ ಕಾಣುತ್ತದೆ, ದಾರಿ ಕಾಣುವುದಿಲ್ಲ. ಯಜ್ದ್–ಕೆರ್ಮಾನ್–ಮಾಹಾನ್ ಹಾದಿಗೆ ನಾನು ಮೊದಲು ಗುರುತು ಹಾಕಿಕೊಂಡದ್ದು ನೀರು ಎಲ್ಲೆಲ್ಲಿ ಮೇಲೆ ಬರುತ್ತದೆ ಎಂಬುದನ್ನು. ಊರು, ಕೋಟೆ, ಸರಾಯಿ ಆಮೇಲೆ ತಾವಾಗಿಯೇ ಅದಕ್ಕೆ ಪೋಣಿಸಿಕೊಂಡವು. (ಸರಾಯಿ ಅಂದರೆ ಇಲ್ಲಿ ತಂಗುವ ಛತ್ರ, ಕುಡಿಯುವ ಸಾರಾಯಿಯಲ್ಲ.)

ಈ ಹಾದಿಯನ್ನೇ ಹಿಡಿಯಲು ಕಾರಣ ನಮ್ಮ ಕಡೆಯ ನಂಟು. ವಿಜಯನಗರಕ್ಕೆ 1443ರಲ್ಲಿ ಬಂದ ರಾಯಭಾರಿ ಅಬ್ದುರ್ ರಜಾಕ್ ಹಿಂದಿನ ವರ್ಷ ಹೆರಾತ್‌ನಿಂದ ಹೊರಟು ಕೆರ್ಮಾನ್ ಮೇಲೆಯೇ ಹೊರ್ಮುಜ್ ಬಂದರಿಗೆ ಇಳಿದಿದ್ದ. ಮಾಹಾನ್‌ನಲ್ಲಿ ಬೀದರಿನ ಸುಲ್ತಾನನ ಕೈಗುರುತೇ ಇದೆ, ಅದು ಕೊನೆಗೆ.

ಮೊದಲು ಲೆಕ್ಕ. ಹಳೆಯ ಅಳತೆ ಫರ್ಸಖ್, ಸುಮಾರು 6 ಕಿ.ಮೀ. ಹೇರು ಹೊತ್ತ ಒಂಟೆಯ ಸಾಲು ಗಂಟೆಗೆ 4–5 ಕಿ.ಮೀ. ಮೀರುವುದಿಲ್ಲ, ದಿನಕ್ಕೆ ಐದಾರು ಫರ್ಸಖ್ ನಡೆದರೆ ಹೆಚ್ಚು. ಯಜ್ದ್‌ನಿಂದ ಕೆರ್ಮಾನ್‌ಗೆ ರಸ್ತೆಯಲ್ಲಿ ಸುಮಾರು 360 ಕಿ.ಮೀ. ಅಂದರೆ 60 ಫರ್ಸಖ್, ಹತ್ತರಿಂದ ಹನ್ನೆರಡು ಮಜಲು (ಒಂದು ಮಜಲು ಅಂದರೆ ಒಂದು ದಿನದ ನಡಿಗೆ). ನಕ್ಷೆಯ ಮೇಲೆ 30–36 ಕಿ.ಮೀ.ಗೊಂದು ಚುಕ್ಕಿ ಇಟ್ಟು, ಪ್ರತಿ ಚುಕ್ಕಿಯ ಸುತ್ತ 5 ಕಿ.ಮೀ. ಉಪಗ್ರಹ ಚಿತ್ರದಲ್ಲಿ ಹುಡುಕಿದೆ. ಬಹುತೇಕ ಕಡೆ ಏನಾದರೊಂದು ಸಿಗುತ್ತದೆ: ಸರಾಯಿ, ಇಲ್ಲವೇ ಒಣಗಿದ ನೀರತೊಟ್ಟಿಯ ಗುಮ್ಮಟ.

ಚಿತ್ರದಲ್ಲಿ ಮೊದಲು ಹುಡುಕಬೇಕಾದದ್ದು ಕನಾತ್. ಬೆಟ್ಟದ ಬುಡದ ಅಂತರ್ಜಲವನ್ನು ಸಣ್ಣ ಇಳಿಜಾರಿನ ಸುರಂಗದಲ್ಲಿ ಊರಿಗೆ ತರುವ ಕಾಲುವೆ ಅದು. ಮಣ್ಣು ಮೇಲೆತ್ತಲು, ಒಳಗಿನವರಿಗೆ ಗಾಳಿ ಸಿಗಲು, 20ರಿಂದ 50 ಮೀಟರಿಗೊಂದು ಬಾವಿ ತೋಡುತ್ತಾರೆ. ಎತ್ತಿದ ಮಣ್ಣನ್ನು ಬಾಯಿಯ ಸುತ್ತ ಕಟ್ಟೆಯಂತೆ ಹಾಕುತ್ತಾರೆ. ಮೇಲಿನಿಂದ ನೋಡಿದರೆ ಉದ್ದಿನ ವಡೆ ಸಾಲಾಗಿ ಇಟ್ಟ ಹಾಗೆ. ಚಳಿಗಾಲದಲ್ಲಿ ತೆಗೆದ ಚಿತ್ರ ಆರಿಸಿ. ಬಿಸಿಲು ಓರೆಯಾಗಿ ಬಿದ್ದು ಉಂಗುರದ ನೆರಳು ಎದ್ದು ಕಾಣುತ್ತದೆ. ವಿದ್ಯುತ್ ಕಂಬದ ಸಾಲು ಮೋಸ ಮಾಡುತ್ತದೆ, ಆದರೆ ಕಂಬಗಳ ಅಂತರ ಬಹಳ ಹೆಚ್ಚು, ಸುತ್ತ ಮಣ್ಣಿನ ಉಂಗುರವೂ ಇರುವುದಿಲ್ಲ. ಚೌಕಾಕಾರದ ಕುರಿದೊಡ್ಡಿಯನ್ನು ಸರಾಯಿ ಎಂದುಕೊಳ್ಳುವುದು ಇನ್ನೊಂದು ತಪ್ಪು. ಸರಾಯಿಗೆ ಅಂಗಳದ ಸುತ್ತ ಗೂಡುಗೂಡಾದ ಕೋಣೆ, ಮೂಲೆಯಲ್ಲಿ ಬುರುಜು ಇರುತ್ತವೆ.

ವಡೆಯ ಸಾಲು ಬೆಟ್ಟದಿಂದ ಇಳಿದು ರಸ್ತೆಗೆ ಅಡ್ಡಲಾಗಿ ಬರುತ್ತದೆ, ರಸ್ತೆಯ ಜೊತೆಗೆ ಅಲ್ಲ. ಸಾಲು ಮುಗಿದು ನೀರು ಬಯಲಿಗೆ ಬೀಳುವ ಕಡೆ ಊರು. ಅಂಥ ಊರುಗಳನ್ನು ಗೆರೆ ಎಳೆದು ಸೇರಿಸಿದರೆ ಅದೇ ಸಾರ್ಥದ ದಾರಿ. ಯಜ್ದ್ ಸೀಮೆಗೆ ನೀರಿನ ತವರು 4,000 ಮೀಟರ್ ದಾಟುವ ಶೀರ್‌ಕೂಹ್ ಬೆಟ್ಟ. ನಮ್ಮ ಬೀದರಿನ ನೌಬಾದ್ ಬಳಿಯ ಕರೇಜ್ ಇದೇ ವಿದ್ಯೆ, ಆದರೆ ಅದನ್ನು ಜಂಬಿಟ್ಟಿಗೆ ಕಲ್ಲಿನಲ್ಲಿ ಕೊರೆದಿದ್ದಾರೆ. ಇರಾನಿನ ಈ ಕಡೆ ಮಣ್ಣು ಸಡಿಲ. ಕುಸಿಯುವ ಕಡೆಗಳಲ್ಲಿ ಸುಟ್ಟ ಮಣ್ಣಿನ ಬಳೆ ಕೂರಿಸುತ್ತಾರೆ. ಹಾಗಾಗಿ ಪಾಳು ಬಾವಿಯ ಕಟ್ಟೆ ಹತ್ತಿ ಒಳಗೆ ಇಣುಕಬೇಡಿ. ಅದು ಸಡಿಲ ಮಣ್ಣಿನ ಗುಡ್ಡೆ. ತುದಿ ಜಾರಿದರೆ ಹತ್ತಾರು ಮೀಟರ್ ಆಳ. ಕತ್ತಲಾದ ಮೇಲೆ ಬಯಲಿನಲ್ಲಿ ಅಡ್ಡದಾರಿ ಹಿಡಿಯಲೇಬಾರದು. ಒಳಗೆ ಇಳಿದು ನೋಡುವ ಆಸೆ ಇದ್ದವರಿಗೆ ಪಾಯಾಬ್ ಎನ್ನುವ ಮೆಟ್ಟಿಲು ದಾರಿ ಇರುವ ಊರುಗಳಿವೆ.

ಮೊದಲ ದಿನ ಸರ್‌ಯಜ್ದ್. ಹಳ್ಳಿಯಲ್ಲಿ ಎರಡು ಸರಾಯಿ, ರಬಾತೆ ಕೊಹ್ನೆ ಮತ್ತು ರಬಾತೆ ನೌ, ಅಂದರೆ ಹಳತು ಮತ್ತು ಹೊಸತು. 'ಹೊಸತು' ಸಫವಿ ಅರಸರ (1501–1736) ಕಾಲದ್ದು! ಕೋಟೆ ಮಾತ್ರ ಯಾರೂ ವಾಸಿಸಲು ಕಟ್ಟಿದ್ದಲ್ಲ; ದಾಳಿಯ ಕಾಲಕ್ಕೆ ಊರವರು ಕಾಳು, ಒಡವೆ ಇಡುತ್ತಿದ್ದ ಉಗ್ರಾಣ. ಕಂದಕ, ಎರಡು ಸುತ್ತು ಗೋಡೆ, ಒಳಗೆ ಒಂದರ ಮೇಲೊಂದು ಪುಟ್ಟ ಕೋಣೆ. ಬೆಳಿಗ್ಗೆ ಎಂಟಕ್ಕೆ ಮುಂಚೆ ಹೋಗಿ ಗೋಡೆಗೆ ಮೂಗು ತಾಗುವಷ್ಟು ಹತ್ತಿರ ನಿಂತು ನೋಡಿ. ಓರೆ ಬಿಸಿಲಿಗೆ ಗಿಲಾವಿನೊಳಗಿನ ಹುಲ್ಲಿನ ಚೂರುಗಳು ಒಂದೊಂದೂ ಹೊಳೆಯುತ್ತವೆ. ಇದು ಕಾಹ್‌ಗೆಲ್: ಕಾಹ್ ಅಂದರೆ ಹುಲ್ಲು, ಗೆಲ್ ಅಂದರೆ ಕೆಸರು. ಹುಲ್ಲು ಬಿಟ್ಟರೆ ಒಣಗುವಾಗ ಮಣ್ಣು ಬಿರಿಯುತ್ತದೆ. ಗಿಲಾವು ಉದುರಿದ ಕಡೆ ಖೆಶ್ತ್ ಎನ್ನುವ ಹಸಿ ಇಟ್ಟಿಗೆ, ಅದರ ಕೆಳಗೆ ಅಡ್ಡಪಟ್ಟಿಯಾಗಿ ಒತ್ತಿದ, ಚೀನೆ ಎನ್ನುವ ಮಣ್ಣು.

ಬಯಲುಸೀಮೆಯ ಮಾಳಿಗೆ ಮನೆಯಲ್ಲಿ ಬೆಳೆದವರಿಗೆ ಹೇಳಬೇಕಿಲ್ಲ, ಮಣ್ಣಿನ ಮಾಡು ಉಳಿಯುವುದು ಆಗಾಗ ಮತ್ತೆ ಮೆತ್ತಿದರೆ ಮಾತ್ರ. ಜನ ಬಿಟ್ಟುಹೋದ ಊರಲ್ಲಿ ಮೊದಲು ಹೋಗುವುದು ಮಾಡು. ಕಮಾನಿನ ನಡುನೆತ್ತಿಯಲ್ಲಿ ತೂತು ಬಿದ್ದಿದ್ದರೆ, ಸುತ್ತಲಿನ ಭಾಗ ಗಟ್ಟಿ ಕಂಡರೂ ಕಾಲಿಡಬೇಡಿ. ಹತ್ತಲೇಬೇಕಿದ್ದರೆ ಗೋಡೆಯ ಮೇಲಿನ ಗೆರೆಯಲ್ಲೇ ನಡೆಯಬೇಕು. ಮಳೆ ಬಂದು ಎರಡು ದಿನ ಆಗುವವರೆಗೆ ಅದೂ ಬೇಡ.

ಯಜ್ದ್‌ನಿಂದ ಸುಮಾರು 60 ಕಿ.ಮೀ. ದೂರದ ಝೈನೊದ್ದೀನ್ ಎರಡು ಮಜಲಿನ ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ. ಸಫವಿ ದೊರೆ ಶಾ ಅಬ್ಬಾಸನ ಕಾಲದ ಈ ಸರಾಯಿ ಚೌಕವಲ್ಲ, ದುಂಡಗಿದೆ, ಅಪರೂಪದ್ದು. ದುರಸ್ತಿಯಾದ ಮೇಲೆ ಪ್ರಯಾಣಿಕರನ್ನು ಇರಿಸಿಕೊಂಡಿದೆ. ಕಟ್ಟೆಯ ಮೇಲೆ ಜಮಖಾನ ಹಾಸಿದ ಗೂಡು, ಬಾಗಿಲಿನ ಬದಲು ಪರದೆ. ನಿದ್ದೆ ಸೂಕ್ಷ್ಮವಾಗಿದ್ದರೆ ಕಿವಿಗೆ ಹತ್ತಿ ಇಟ್ಟುಕೊಳ್ಳಿ. ಇರಾನಿನ 54 ಸರಾಯಿಗಳು 2023ರಲ್ಲಿ ಯುನೆಸ್ಕೊ ಪಟ್ಟಿ ಸೇರಿದವು.

ಖರ್ಚಿನ ಮಾತು. ನಮ್ಮ ಬ್ಯಾಂಕ್ ಕಾರ್ಡು ಅಲ್ಲಿ ಬರೀ ಪ್ಲಾಸ್ಟಿಕ್. ಇಡೀ ಪ್ರಯಾಣದ ಹಣ ಮಡಿಕೆ ಇಲ್ಲದ ಡಾಲರ್ ಅಥವಾ ಯೂರೊ ನೋಟಿನಲ್ಲಿ ಬೇಕು. ನೋಟಿನ ಮೇಲೆ ರಿಯಾಲ್, ಬಾಯಲ್ಲಿ ತೊಮಾನ್. 10 ರಿಯಾಲಿಗೆ 1 ತೊಮಾನ್. ಬಾಡಿಗೆ ಮಾತಾಡುವಾಗ ಯಾವುದು ಎಂದು ಕೇಳದಿದ್ದರೆ ಹತ್ತು ಪಟ್ಟಿನ ಜಗಳ. ಫಾರ್ಸಿ ಅಂಕಿ ಕಲಿಯಲು ಅರ್ಧ ಗಂಟೆ ಸಾಕು: ಐದು ತಲೆಕೆಳಗಾದ ಹೃದಯದಂತೆ, ಸೊನ್ನೆ ಬರೀ ಚುಕ್ಕಿ. ಪೂರ್ತಿ ಕಾರು ಬೇಕಾದರೆ 'ದರ್‌ಬಸ್ತ್' ಅನ್ನಿ, ಹಂಚಿಕೊಂಡು ಹೋಗುವುದಾದರೆ 'ಸವಾರಿ'. ದರ್‌ಬಸ್ತ್ ಹಿಡಿಯುವಾಗ ಎಲ್ಲೆಲ್ಲಿ ಎಷ್ಟು ಹೊತ್ತು ನಿಲ್ಲಬೇಕು ಎಂದು ಮೊದಲೇ ಬರೆದು ತೋರಿಸಿದೆ. ಇಲ್ಲದಿದ್ದರೆ ಚಾಲಕ ಹೆದ್ದಾರಿ ಬಿಟ್ಟು ಇಳಿಯುವುದಿಲ್ಲ. ತಲೆಗೆ 4 ಲೀಟರ್ ನೀರು. ಅಕ್ಟೋಬರ್ ನಡುವಿನಿಂದ ನವೆಂಬರ್ ಒಳ್ಳೆಯದು. ಮಾರ್ಚ್ 20ರ ಸುಮಾರಿಗೆ ಶುರುವಾಗುವ ಇರಾನಿನ ಹೊಸ ವರ್ಷ ನೌರೂಜ್‌ನ ಹದಿಮೂರು ದಿನ ಇಡೀ ದೇಶವೇ ರಸ್ತೆಯಲ್ಲಿರುತ್ತದೆ, ಕೋಣೆ ಸಿಗುವುದಿಲ್ಲ. ಡ್ರೋನ್ ಒಯ್ಯಬೇಡಿ, ಪೊಲೀಸ್ ಠಾಣೆಯ ಕಡೆ ಕ್ಯಾಮೆರಾ ತಿರುಗಿಸಬೇಡಿ. ಭಾರತೀಯರಿಗೆ 2024ರ ಫೆಬ್ರವರಿಯಲ್ಲಿ ಸಿಕ್ಕಿದ್ದ ವೀಸಾ ವಿನಾಯಿತಿ 2025ರ ನವೆಂಬರ್‌ನಲ್ಲಿ ನಿಂತಿತು; ನಿಯಮವನ್ನೂ ವಿದೇಶಾಂಗ ಸಚಿವಾಲಯದ ಸೂಚನೆಯನ್ನೂ ನೋಡದೆ ಟಿಕೆಟ್ ಮುಟ್ಟಬಾರದು.

ಕೆರ್ಮಾನ್‌ನಲ್ಲಿ ಗಂಜ್ ಅಲಿ ಖಾನ್ ಚೌಕಕ್ಕೆ ಅರ್ಧ ದಿನ ಸಾಕು: ಸರಾಯಿ, ಸ್ನಾನಗೃಹ, ಪೇಟೆ ಒಂದೇ ಕಡೆ. ಬಮ್ ಕೋಟೆ 2003ರ ಡಿಸೆಂಬರ್ 26ರ ಭೂಕಂಪದಲ್ಲಿ ನೆಲಕಚ್ಚಿ ಮತ್ತೆ ಎದ್ದದ್ದು. ಹಸಿ ಇಟ್ಟಿಗೆಯ ಕೋಟೆ ನೋಡಬೇಕೆಂದರೆ ನನ್ನ ಮಟ್ಟಿಗೆ ರಾಯೆನ್ ವಾಸಿ.

ಮಾಹಾನ್ ಕೆರ್ಮಾನ್‌ನಿಂದ 35 ಕಿ.ಮೀ. ಅಲ್ಲಿ 1431ರಲ್ಲಿ ತೀರಿಕೊಂಡ ಸೂಫಿ ಶಾ ನೆಯಾಮತುಲ್ಲಾ ವಲಿಯ ಗೋರಿಗೆ 1436ರಲ್ಲಿ ಗುಮ್ಮಟ ಕಟ್ಟಿಸಿದವನು ಬೀದರಿನ ಅಹ್ಮದ್ ಶಾ ಬಹಮನಿ. ನೀಲಿ ಹೆಂಚಿನ ಹೊದಿಕೆ, ಅಂಗಳಗಳು ಆಮೇಲಿನವರ ಸೇರ್ಪಡೆ. ಒಳಗಿನ ಗೋರಿಕೋಣೆಯನ್ನು ಮೊದಲು ನೋಡಿ, ಹೊರಗಿನ ಅಂಗಳಗಳಿಗೆ ಆಮೇಲೆ ಬನ್ನಿ; ಕಟ್ಟಡ ಒಳಗಿನಿಂದ ಹೊರಕ್ಕೆ ಬೆಳೆದದ್ದು ಆಗ ತಿಳಿಯುತ್ತದೆ. ಅದಕ್ಕೂ ಮುಂಚೆ, ಇರಾನಿಗೆ ಹೊರಡುವ ಮೊದಲೇ, ಬೀದರ್ ಬಳಿಯ ಅಷ್ಟೂರಿಗೆ ಹೋಗಿಬನ್ನಿ. ಅಲ್ಲಿ ಅಹ್ಮದ್ ಶಾನ ಗೋರಿಯೂ, ನೆಯಾಮತುಲ್ಲಾರ ಮಗ ಖಲೀಲುಲ್ಲಾರ ಚೌಖಂಡಿ ಎನ್ನುವ ಗೋರಿ ಕಟ್ಟಡವೂ ಇವೆ. ಅಹ್ಮದ್ ಶಾನ ಗೋರಿಯ ಒಳಗೆ ಕತ್ತಲು. ಕಾವಲಿನವರು ಬಾಗಿಲಲ್ಲಿ ಕನ್ನಡಿ ಹಿಡಿದು ಬಿಸಿಲನ್ನು ಗುಮ್ಮಟದೊಳಕ್ಕೆ ಹಾಯಿಸುತ್ತಾರೆ. ಬಣ್ಣದ ಬಳ್ಳಿ, ಚಿನ್ನದ ಅಕ್ಷರ ಆಗ ಒಂದೊಂದಾಗಿ ಎದ್ದು ಬರುತ್ತವೆ. ಮೋಡದ ದಿನ ಹೋದರೆ ಇದು ಸಿಗುವುದಿಲ್ಲ.