ರಾಕ್ ಮತ್ತು ಫೋಕ್ ಆಲ್ಬಮ್‌ಗಳ ವಿಮರ್ಶೆ ಬರೆಯುವ ಬಗೆ

ವಿಮರ್ಶೆಗೆ ಕೂರುವ ಮುನ್ನ ಆಲ್ಬಮನ್ನು ಹಾಡುಗಳ ಕ್ರಮ ಬದಲಿಸದೆ ಕನಿಷ್ಠ ಮೂರು ಬಾರಿ ಕೇಳಬೇಕು. ಮೊದಲ ಸಲ ಏನನ್ನೂ ಬರೆದುಕೊಳ್ಳದಿರುವುದೇ ಒಳ್ಳೆಯದು. ಆಮೇಲೆ ಹೆಡ್‌ಫೋನ್ ಹಾಕಿಕೊಂಡು ವಾದ್ಯಗಳನ್ನು ಒಂದೊಂದಾಗಿ ಹಿಂಬಾಲಿಸಿ, ಗಮನ ಸೆಳೆದದ್ದನ್ನು ನಿಮಿಷ, ಸೆಕೆಂಡುಗಳ ಸಮೇತ ಗುರುತು ಮಾಡಿಕೊಳ್ಳಬೇಕು.

ಹಳೆಯ ಆಲ್ಬಮ್ ಆದರೆ ಕೇಳಿದ ಆವೃತ್ತಿ ಯಾವುದೆಂದು ತಿಳಿಸಲೇಬೇಕು, ಏಕೆಂದರೆ ರೀಮಾಸ್ಟರ್ ಮಾಡುವಾಗ, ಅಂದರೆ ಹಳೆಯ ಧ್ವನಿಮುದ್ರಣವನ್ನು ಮರುಸಂಸ್ಕರಿಸುವಾಗ, ಮೆಲುದನಿ ಮತ್ತು ಏರುದನಿಗಳ ಅಂತರವನ್ನು ಕುಗ್ಗಿಸಿದ್ದರೆ ಮೂಲ ಧ್ವನಿಮುದ್ರಣದ ಸ್ವಭಾವವೇ ಬದಲಾಗಿರುತ್ತದೆ. ಎಲ್‌ಪಿಯ (ಗ್ರಾಮಫೋನ್ ತಟ್ಟೆಯ) ಎರಡು ಬದಿಗಳೂ ಲೆಕ್ಕಕ್ಕೆ ಬರುತ್ತವೆ: ಅಮೆರಿಕದ ಗಾಯಕ ಬಾಬ್ ಡಿಲನ್ 1965ರಲ್ಲಿ ಹೊರತಂದ ‘ಬ್ರಿಂಗಿಂಗ್ ಇಟ್ ಆಲ್ ಬ್ಯಾಕ್ ಹೋಮ್’ನ ಮೊದಲ ಬದಿಯಲ್ಲಿ ಎಲೆಕ್ಟ್ರಿಕ್ ವಾದ್ಯಗಳ ತಂಡವಿದ್ದು, ಎರಡನೆಯ ಬದಿ ಬಹುಮಟ್ಟಿಗೆ ಅಕೌಸ್ಟಿಕ್ (ವಿದ್ಯುತ್ ವಾದ್ಯಗಳಿಲ್ಲದ್ದು) ಆಗಿದೆ, ಸ್ಟ್ರೀಮಿಂಗ್‌ನಲ್ಲಿ ಒಂದೇ ಪಟ್ಟಿಯಾಗಿ ಕೇಳುವವರಿಗೆ ಈ ವಿಂಗಡಣೆ ತಿಳಿಯದೇ ಹೋಗಬಹುದು.

ಫೋಕ್ (ಜನಪದ ಧಾಟಿಯ) ಆಲ್ಬಮ್‌ಗಳಲ್ಲಿ ಸಣ್ಣ ಸಂಗತಿಗಳಿಗೇ ತೂಕ ಹೆಚ್ಚು. ಇಂಗ್ಲೆಂಡಿನ ಗಾಯಕ ನಿಕ್ ಡ್ರೇಕ್ ಅವರ 1972ರ ‘ಪಿಂಕ್ ಮೂನ್’ ಅರ್ಧ ಗಂಟೆಯಷ್ಟೂ ಇಲ್ಲ. ಅದರಲ್ಲಿರುವುದು ದನಿ, ಗಿಟಾರ್ ಮತ್ತು ಶೀರ್ಷಿಕೆ ಗೀತೆಯಲ್ಲಷ್ಟೇ ಕೇಳಿಬರುವ ಪುಟ್ಟದೊಂದು ಪಿಯಾನೊ ಭಾಗ. ‘ಮನಮುಟ್ಟುವ ಸರಳತೆ’ ಎಂದು ಬರೆದು ಕೈತೊಳೆದುಕೊಳ್ಳದೆ, ಆ ಪಿಯಾನೊ ಎಲ್ಲಿ ಬರುತ್ತದೆ, ಬಂದು ಹಾಡಿಗೆ ಏನು ಮಾಡುತ್ತದೆ ಎಂದು ವಿವರಿಸಬೇಕು. ನನ್ನ ಮಟ್ಟಿಗೆ ವಿಮರ್ಶೆಯ ನಿಜವಾದ ಕೆಲಸ ಇದೇ. ಸಾಂಪ್ರದಾಯಿಕ ಹಾಡುಗಳಿದ್ದಲ್ಲಿ, ಹೊಸದಾಗಿ ಸೇರಿಸಿದ್ದೇನು ಎಂಬುದನ್ನೂ ಬೇರ್ಪಡಿಸಿ ಹೇಳಬೇಕು.

ಹೊಸ ಆಲ್ಬಮನ್ನು ಕಲಾವಿದರ ಹಿಂದಿನ ಖ್ಯಾತಿಯಿಂದ ಅಳೆಯಬಾರದು. ಕರಡು ಮುಗಿದ ಮೇಲೆ ಇನ್ನೊಮ್ಮೆ ಆಲ್ಬಮ್ ಕೇಳುತ್ತಾ, ಯಾವ ವಿಶೇಷಣಕ್ಕೆ ಹಾಡಿನಲ್ಲಿ ಆಧಾರ ಸಿಗುವುದಿಲ್ಲವೋ ಅದನ್ನು ಹೊಡೆದುಹಾಕಿ.