ಪ್ರೇಮಕಾದಂಬರಿ ಬರೆಯುವ ಮೊದಲು ಕಥೆಯ ಎಳೆಯನ್ನು ಐದು ಮಂದಿಗೆ ತೋರಿಸಿ

ಮೊದಲ ಪ್ರೇಮಕಾದಂಬರಿಗೆ ಕೈ ಹಾಕಿದವರು ಸಾಮಾನ್ಯವಾಗಿ ಅರ್ಧ ಬರೆದ ಮೇಲೆ ಇನ್ನೊಬ್ಬರಿಗೆ ಓದಲು ಕೊಡುತ್ತಾರೆ. ಅಷ್ಟೊತ್ತಿಗೆ ತಡವಾಗಿರುತ್ತದೆ. ಡೆಮಿ ಅಷ್ಟಮ ಎಂಬ ಪುಸ್ತಕದ ಅಳತೆಯಲ್ಲಿ ಪುಟಕ್ಕೆ ಸುಮಾರು 200ರಿಂದ 250 ಪದ ಹಿಡಿದರೂ 200 ಪುಟದ ಕಾದಂಬರಿಗೆ ನಲವತ್ತು, ಐವತ್ತು ಸಾವಿರ ಪದ ಬೇಕು. ಇಪ್ಪತ್ತು ಸಾವಿರ ಪದ ಬರೆದಾದ ಮೇಲೆ ‘ಇವರಿಬ್ರೂ ದೂರ ಇರಾಕ ಕಾರಣಾನ ಇಲ್ಲಲ್ಲ’ ಎಂದು ಯಾರಾದರೂ ಅಂದರೆ ಕಿತ್ತುಹಾಕಲು ಮನಸ್ಸು ಬರುವುದಿಲ್ಲ, ತೇಪೆ ಹಚ್ಚುವುದೇ ಆಗುತ್ತದೆ. ಅದೇ ಮಾತು ಕಥೆ ಒಂದು ಪುಟವಾಗಿದ್ದಾಗ ಬಂದರೆ ಒಂದು ಸಂಜೆಯಲ್ಲಿ ಸರಿಹೋಗುತ್ತದೆ.

ಒಂದು ಪುಟ

ಕಥೆಯನ್ನು 300ರಿಂದ 400 ಪದಕ್ಕೆ ಇಳಿಸಿ. ಇಬ್ಬರು ಯಾರು, ಪ್ರೀತಿ ಬಿಟ್ಟು ಅವರಿಗೆ ಬದುಕಿನಲ್ಲಿ ಇನ್ನೇನು ಬೇಕಾಗಿದೆ, ಯಾವುದು ಅವರನ್ನು ಮತ್ತೆ ಮತ್ತೆ ಒಂದೇ ಜಾಗಕ್ಕೆ ತರುತ್ತದೆ, ಯಾವುದು ತಡೆಯುತ್ತದೆ, ಮುಕ್ಕಾಲು ಭಾಗದ ಹೊತ್ತಿಗೆ ಏನು ಮುರಿಯುತ್ತದೆ, ಕೊನೆಗೆ ಯಾರು ಏನು ಕಳೆದುಕೊಂಡು ಒಂದಾಗುತ್ತಾರೆ, ಇಷ್ಟು ಇರಬೇಕು. ಕೊನೆಯನ್ನು ಮುಚ್ಚಿಡಬೇಡಿ. ‘ಮುಂದೇನಾಯಿತು, ಓದಿ ನೋಡಿ’ ಎಂದು ನಿಲ್ಲಿಸುವುದು ಬೆನ್ನುಡಿಗೆ ಸರಿ. ಪ್ರೇಮಕಥೆಯಲ್ಲಿ ಜೋಡಿ ಕೂಡುತ್ತದೆ ಎಂದು ಓದುಗರಿಗೆ ಮೊದಲೇ ಗೊತ್ತಿರುತ್ತದೆ, ಹೇಗೆ ಕೂಡುತ್ತದೆ ಎಂಬುದಕ್ಕೇ ಅವರು ಪುಟ ತಿರುವುವುದು. ಅದನ್ನೇ ಬಚ್ಚಿಟ್ಟರೆ ಅಭಿಪ್ರಾಯ ಕೊಡಲು ಅವರ ಕೈಯಲ್ಲಿ ಏನೂ ಇರುವುದಿಲ್ಲ.

ಮುಧೋಳದ ಕಡೆಯ ಒಂದು ಎಳೆ ತೆಗೆದುಕೊಳ್ಳೋಣ. ಅಪ್ಪ ತೀರಿದ ಮೇಲೆ ನಾಲ್ಕು ಎಕರೆ ಕಬ್ಬು ನೋಡಿಕೊಳ್ಳುತ್ತಿರುವ ಹುಡುಗಿ. ಸಕ್ಕರೆ ಕಾರ್ಖಾನೆಯ ಕಾಟಾದಲ್ಲಿ ತೂಕದ ಚೀಟಿ ಕೊಡುವ ಹುಡುಗ. ‘ತೂಕದಾಗ ಹೊಡೀತಾರ’ ಎಂದು ರೈತರೊಂದಿಗೆ ಗೇಟಿನ ಮುಂದೆ ಕೂತವಳು ಆಕೆ, ಗೇಟಿನ ಒಳಗೆ ಪಗಾರ ಎಣಿಸುವವನು ಈತ. ಕಬ್ಬು ನುರಿಸುವ ಹಂಗಾಮಿನಲ್ಲಿ ಪ್ರತಿ ಲೋಡಿಗೂ ಇಬ್ಬರೂ ಎದುರುಬದುರಾಗಲೇಬೇಕು. ಅಡ್ಡಿ ಅವನ ನೌಕರಿಯಲ್ಲೇ ಇರುವುದರಿಂದ ಬೇರೆ ಖಳನಾಯಕ ಬೇಕಿಲ್ಲ. ಒಂದು ಪುಟದಲ್ಲಿ ಕಾಣಬೇಕಾದದ್ದು ಇದು. ‘ಏನೋ ಒಂದು ಸೆಳೆತ, ಆದರೆ ವಿಧಿ ಬೇರೆಯೇ ಬರೆದಿತ್ತು’ ಎಂಬಂಥ ಸಾಲು ಪುಟದಲ್ಲಿ ನುಸುಳಿದ್ದರೆ ಅಲ್ಲಿ ಕಥೆ ಇನ್ನೂ ಹುಟ್ಟಿಲ್ಲ.

ಜಾತಿಯ ವಿಷಯದಲ್ಲಿ ನುಣುಚಿಕೊಳ್ಳಬೇಡಿ. ಬೆಳಗಾವಿ, ಬಾಗಲಕೋಟೆ, ವಿಜಯಪುರ, ನಮ್ಮ ಈ ಮೂರು ಜಿಲ್ಲೆಗಳಲ್ಲಿ ಅಡ್ಡಹೆಸರು ಕಂಡ ಕೂಡಲೇ ಓದುಗರು ಮನಸ್ಸಿನಲ್ಲೇ ‘ಯಾವ ಪೈಕಿ’ ಎಂದು ಲೆಕ್ಕ ಹಾಕಿಬಿಡುತ್ತಾರೆ. ಅದೇ ಅಡ್ಡಿಯಾಗಿದ್ದರೆ ಪುಟದಲ್ಲಿ ನೇರವಾಗಿ ಬರೆಯಿರಿ. ಅಲ್ಲದಿದ್ದರೆ ಅಡ್ಡಹೆಸರು ಬಿಟ್ಟುಬಿಡಿ, ಇಲ್ಲವಾದರೆ ಐವರೂ ನಿಮ್ಮ ಕಥೆಯ ಬದಲು ಇನ್ನೊಂದನ್ನೇ ಓದಿರುತ್ತಾರೆ. ಊರಿನ ನಿಜವಾದ ಜೋಡಿಯೊಂದರಿಂದ ಎಳೆ ಹುಟ್ಟಿದ್ದರೆ ವೃತ್ತಿ, ಊರು, ಮನೆತನ ಮೂರನ್ನೂ ತೋರಿಸುವ ಮೊದಲೇ ಬದಲಿಸಿ. ತೇರದಾಳದಂಥ ಊರಲ್ಲಿ ಹೆಸರೊಂದನ್ನೇ ಬದಲಿಸಿದರೆ ಸಂಜೆಯೊಳಗೆ ಗುರುತು ಸಿಕ್ಕಿಬಿಡುತ್ತದೆ.

ಇನ್ನೊಂದು ಸಣ್ಣ ತೊಂದರೆ, ಆದರೆ ಪದೇ ಪದೇ ಆಗುವಂಥದ್ದು. ಡಿಟಿಪಿ ಅಂಗಡಿಯಲ್ಲಿ ‘ನುಡಿ’ ತಂತ್ರಾಂಶದ ಹಳೆಯ ಅಕ್ಷರದಲ್ಲಿ ಟೈಪು ಮಾಡಿಸಿದ್ದನ್ನು ವಾಟ್ಸಾಪಿಗೆ ಹಾಕಿದರೆ ಎದುರಿನವರ ಫೋನಿನಲ್ಲಿ ಬರೀ ಇಂಗ್ಲಿಷ್ ಅಕ್ಷರಗಳ ಗೋಜಲು ಕಾಣುತ್ತದೆ. ಆ ಅಕ್ಷರಶೈಲಿ ಫೋನಿನಲ್ಲಿ ಇರುವುದಿಲ್ಲ. ಪಾಪ, ಅವರು ಸಂಕೋಚಕ್ಕೆ ‘ಓದಿದೆ, ಚಲೋ ಐತಿ’ ಅನ್ನುತ್ತಾರೆ. ಎಲ್ಲ ಫೋನಿನಲ್ಲೂ ಕಾಣುವ ಯುನಿಕೋಡಿನಲ್ಲಿ ಕಳಿಸಿ, ಇಲ್ಲವೇ ಪಿಡಿಎಫ್ ಮಾಡಿ. ಐವತ್ತು ದಾಟಿದವರಿಗೆ ದೊಡ್ಡ ಅಕ್ಷರದಲ್ಲಿ ಮುದ್ರಿಸಿ ಕೈಗೇ ಕೊಡುವುದು ಒಳ್ಳೆಯದು.

ಯಾರಿಗೆ

ಐದು ಮಂದಿ ಸಾಕು. ಪ್ರೇಮಕಾದಂಬರಿಗಳನ್ನೂ ವಾರಪತ್ರಿಕೆಯ ಧಾರಾವಾಹಿಗಳನ್ನೂ ಬಿಡದೆ ಓದುವ ಇಬ್ಬರು. ಅವರನ್ನು ಹುಡುಕಲು ಊರಿನ ಸಾರ್ವಜನಿಕ ಗ್ರಂಥಾಲಯವೇ ಸರಿಯಾದ ಜಾಗ, ಕಾದಂಬರಿ ಕಪಾಟಿನ ಮುಂದೆ ಪದೇ ಪದೇ ಯಾರು ನಿಲ್ಲುತ್ತಾರೆಂದು ಅಲ್ಲಿನ ಸಿಬ್ಬಂದಿಗೆ ಗೊತ್ತಿರುತ್ತದೆ. ಮೂರನೆಯವರು ಕಥೆಯೊಳಗಿನ ಕೆಲಸ ಬಲ್ಲವರಾಗಿರಬೇಕು. ಕಬ್ಬಾದರೆ ಟ್ರ್ಯಾಕ್ಟರ್ ಹೊಡೆಯುವವರು, ಸೀರೆಯಾದರೆ ಇಳಕಲ್ಲಿನ ನೇಕಾರರು, ದ್ರಾಕ್ಷಿಯಾದರೆ ವಿಜಯಪುರದ ಕಡೆಯ ಬೆಳೆಗಾರರು. ನಾಲ್ಕನೆಯವರು ಬರೆಯುವ ಅಭ್ಯಾಸ ಇರುವವರು. ತಾಲ್ಲೂಕು ಸಾಹಿತ್ಯ ಪರಿಷತ್ತಿನಲ್ಲೋ, ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಅಥವಾ ವಿಜಯಪುರದ ಮಹಿಳಾ ವಿಶ್ವವಿದ್ಯಾಲಯದ ಕನ್ನಡ ವಿಭಾಗದಲ್ಲೋ ಓದುತ್ತಿರುವವರು ಸಿಗುತ್ತಾರೆ. ಹಿರಿಯ ಸಾಹಿತಿಗಳ ಮನೆಗೆ ಪುಟ ಹಿಡಿದು ಹೋಗುವುದಕ್ಕಿಂತ ಇವರಿಂದ ಹೆಚ್ಚು ಉಪಯೋಗವಿದೆ. ಹಿರಿಯರು ಆಶೀರ್ವಾದ ಮಾಡಿ ಕಳಿಸುತ್ತಾರೆ.

ಐದನೆಯವರು ಪುಸ್ತಕವನ್ನೇ ಓದದವರು. ಬಾದಾಮಿಯ ಬನಶಂಕರಿ ಜಾತ್ರೆಗೆ ವೃತ್ತಿ ನಾಟಕ ಕಂಪನಿಗಳು ಬಂದು ರಾತ್ರಿಯಿಡೀ ಆಡುತ್ತವಲ್ಲ, ಅದನ್ನು ವರ್ಷ ತಪ್ಪದೆ ನೋಡಿದ ಒಬ್ಬ ದೊಡ್ಡವ್ವನೋ ಕಾಕಾನೋ ಸಾಕು. ಇವರಿಗೆ ಕಾಗದ ಬೇಡ, ನಾಲ್ಕು ನಿಮಿಷದಲ್ಲಿ ಬಾಯಲ್ಲೇ ಕಥೆ ಹೇಳಿ. ಎಲ್ಲಿ ‘ಆಮ್ಯಾಲ?’ ಎಂದರು, ಎಲ್ಲಿ ಅಡಕೆಲೆ ಸಂಚಿ ಬಿಚ್ಚಿದರು ಎಂಬುದನ್ನು ಮಾತ್ರ ನೋಡಿ.

ಗಂಡ, ಹೆಂಡತಿ, ಜೀವದ ಗೆಳೆಯರು ಬೇಡ. ಅವರು ಕಥೆಯೊಳಗೆ ನಿಮ್ಮನ್ನೇ ಹುಡುಕುತ್ತಾರೆ. ವಾಟ್ಸಾಪ್ ಗುಂಪಿಗೂ ಹಾಕಬೇಡಿ, ಹೆಬ್ಬೆರಳು ಬರುತ್ತದೆ, ಹೂವು ಬರುತ್ತದೆ, ಅಭಿಪ್ರಾಯ ಬರುವುದಿಲ್ಲ.

ಐವರಿಗೂ ಒಟ್ಟಿಗೆ ಕೊಡಬಾರದು. ಮೊದಲು ಮೂವರಿಗೆ ಕೊಡಿ, ಇಬ್ಬರನ್ನು ಉಳಿಸಿಕೊಳ್ಳಿ. ಒಮ್ಮೆ ಓದಿದವರು ತಿದ್ದಿದ ಪುಟವನ್ನು ಹೊಸ ಕಣ್ಣಿನಿಂದ ಓದಲಾರರು, ಬಿಟ್ಟುಹೋದದ್ದನ್ನು ನೆನಪಿನಿಂದಲೇ ತುಂಬಿಕೊಳ್ಳುತ್ತಾರೆ. ಹತ್ತು ದಿನ ಸಮಯ ಕೊಟ್ಟು, ಆಮೇಲೆ ಒಂದೇ ಫೋನು ಮಾಡಿ. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯ ವಾರದಲ್ಲಿ ವಿಜಯಪುರದವರಿಗೆ, ಹಂಗಾಮಿನ ನಡುವೆ ಕಬ್ಬಿನವರಿಗೆ ಕೊಟ್ಟರೆ ಪುಟ ಅಲ್ಮಾರಿ ಸೇರುತ್ತದೆ.

ಕಥೆ ಕದಿಯುತ್ತಾರೆಂಬ ಭಯ ಹಲವರಿಗಿದೆ. 1957ರ ಕೃತಿಸ್ವಾಮ್ಯ ಕಾಯ್ದೆ ಬರವಣಿಗೆಗೆ ರಕ್ಷಣೆ ಕೊಡುತ್ತದೆ, ಅದಕ್ಕೆ ನೋಂದಣಿಯೂ ಕಡ್ಡಾಯವಲ್ಲ. ಬರಿಯ ಕಲ್ಪನೆಗೆ ಕೃತಿಸ್ವಾಮ್ಯ ಇಲ್ಲವೆಂದು ಸುಪ್ರೀಂ ಕೋರ್ಟ್ 1978ರಲ್ಲೇ ಹೇಳಿದೆ. ದಿನಾಂಕ ಹಾಕಿದ ಕರಡುಗಳನ್ನು ಇಟ್ಟುಕೊಂಡು ಕೆಲಸ ಮುಂದುವರಿಸಿ. ಒಂದು ಪುಟ ಕದ್ದವರು ಉಳಿದ 199 ಪುಟ ತಾವೇ ಬರೆಯಬೇಕಲ್ಲ.

ಏನು ಕೇಳಬೇಕು

‘ಹೆಂಗೈತಿ?’ ಎಂದು ಕೇಳಿದರೆ ‘ಬೇಸೈತಿ’ ಎಂಬ ಉತ್ತರ ಬರುತ್ತದೆ. ಮನೆಗೆ ಬಂದವರ ಮನಸ್ಸು ನೋಯಿಸುವ ಮಂದಿ ನಾವಲ್ಲ. ಅದಕ್ಕೇ ತಪ್ಪಿಸಿಕೊಳ್ಳಲಾಗದ ಪ್ರಶ್ನೆ ಬೇಕು.

ಮೊದಲನೆಯದು: ‘ಅಕ್ಕಾರ, ಹಾಳಿ ಮಡಚಿಟ್ಟು ನನಗ ಈ ಕಥಿ ನೀವ ಹೇಳ್ರಿ.’ ಅವರು ಬಿಟ್ಟದ್ದು ಪುಟದಲ್ಲಿ ನಾಟಿಲ್ಲ. ಅವರು ಬದಲಿಸಿ ಹೇಳಿದ್ದು ಅವರಿಗೆ ಬೇಕಾಗಿದ್ದ ಕಥೆ. ಬೇರೆ ಏನೂ ಕೇಳದಿದ್ದರೂ ಇದೊಂದನ್ನು ಕೇಳಿ.

ಎರಡನೆಯದು: ‘ಇವರಿಬ್ರು ಕುಂತು ಹತ್ತು ನಿಮಿಷ ಬಾಯಿಬಿಟ್ಟು ಮಾತಾಡಿದ್ರ ಕಥಿ ಮುಗದ ಹೋಗತದೇನ?’ ಹೌದು ಎಂದರೆ ನಿಮ್ಮ ಅಡ್ಡಿ ಬರಿಯ ತಪ್ಪು ತಿಳಿವಳಿಕೆ. ಒಂದು ಅಧ್ಯಾಯಕ್ಕೆ ಸಾಕಾಗುವ ಅದು ಇಡೀ ಕಾದಂಬರಿಯನ್ನು ಹೊರುವುದಿಲ್ಲ.

ಆಮೇಲೆ ಅವನ ಮೇಲೆ ಎಲ್ಲಿ ಸಿಟ್ಟು ಬಂತು, ಅವಳು ಕ್ಷಮಿಸಿದ್ದು ಒಪ್ಪಿಗೆಯಾಯಿತೇ, ಯಾವ ಮಾತು ‘ನಮ್ಮ ಕಡೆ ಹಿಂಗಾಗೂದಿಲ್ಲ’ ಅನ್ನಿಸಿತು ಎಂದು ಕೇಳಿ. ಕೇಳಿದ ಮೇಲೆ ಸುಮ್ಮನಿರಿ. ‘ಅದು ಹಂಗಲ್ರೀ, ಮುಂದ ಬರತೈತಿ’ ಎಂದು ವಿವರಿಸಲು ಹೋದಿರೋ, ಆ ಕ್ಷಣದಿಂದ ಅವರು ನಿಮ್ಮ ಸಮಾಧಾನಕ್ಕೆ ಮಾತಾಡುತ್ತಾರೆ.

ಬಂದ ಮಾತನ್ನು ಹೇಗೆ ಓದಬೇಕು

ಓದುಗರು ಬೆರಳಿಟ್ಟ ಜಾಗ ಬಹುತೇಕ ಸರಿಯಿರುತ್ತದೆ, ಅವರು ಕೊಡುವ ಮದ್ದು ಬಹುತೇಕ ತಪ್ಪಿರುತ್ತದೆ. ‘ಒಬ್ಬ ವಿಲನ್ ಹಾಕ್ರಿ’ ಅಂದರೆ ಅಡ್ಡಿ ಸಪ್ಪೆಯಾಗಿದೆ. ‘ಕಡೀಕ ಅಕಿನ್ನ ಸಾಯಿಸಿಬಿಡ್ರಿ’ ಅಂದರೆ ಯಾರೂ ಏನನ್ನೂ ಕಳೆದುಕೊಳ್ಳದೆ ಕಥೆ ಮುಗಿದಿದೆ. ‘ಸಿನಿಮಾದಂಗೈತಿ’ ಅನ್ನುವುದು ಹೊಗಳಿಕೆಯಲ್ಲ, ಆಕಸ್ಮಿಕಗಳು ಹೆಚ್ಚಾಗಿವೆ. ಒಬ್ಬರೇ ಹೇಳಿದ್ದನ್ನು ಬರೆದಿಟ್ಟುಕೊಳ್ಳಿ. ಇಬ್ಬರು ಒಂದೇ ಜಾಗ ಹಿಡಿದರೆ ಅಲ್ಲಿ ಕೈಯಾಡಿಸಲೇಬೇಕು.

ಕೆಲಸ ಬಲ್ಲವರ ಆಕ್ಷೇಪವನ್ನು ಮಾತ್ರ ಒಬ್ಬರೇ ಹೇಳಿದ್ದರೂ ತೆಗೆದುಕೊಳ್ಳಿ. ಮೇಲಿನ ಕಬ್ಬಿನ ಕಥೆಯಲ್ಲಿ ಹುಡುಗ ಅವಳ ತೂಕವನ್ನು ಗುಟ್ಟಾಗಿ ಹೆಚ್ಚು ಬರೆದುಕೊಡುತ್ತಾನೆ ಎಂದಿಟ್ಟುಕೊಳ್ಳಿ. ಟ್ರ್ಯಾಕ್ಟರಿನವರು ತಕ್ಷಣ ಕೇಳುತ್ತಾರೆ: ತುಂಬಿದ ಗಾಡಿ ಒಮ್ಮೆ, ಖಾಲಿ ಗಾಡಿ ಒಮ್ಮೆ ತೂಗಿ ಕಳೆಯುವುದು, ಅದೂ ಕಂಪ್ಯೂಟರಿನಲ್ಲಿ, ಕೈಯಲ್ಲಿ ಬರೆಯುವುದೆಲ್ಲಿ? ಗುಟ್ಟು ಕುಸಿಯಿತು. ಆದರೆ ಅವರೇ ಇನ್ನೊಂದು ಹೇಳುತ್ತಾರೆ: ಕಡಿದ ಕಬ್ಬು ಗೇಟಿನ ಸಾಲಿನಲ್ಲಿ ನಿಂತಷ್ಟೂ ಒಣಗಿ ತೂಕ ಕಳೆದುಕೊಳ್ಳುತ್ತದೆ. ಹಾಗಾದರೆ ಅವನು ಅವಳ ಗಾಡಿಯನ್ನು ಸಾಲು ತಪ್ಪಿಸಿ ಮುಂದೆ ಬಿಟ್ಟರೆ? ಅದು ಉಳಿದ ರೈತರೆದುರು ಅವಳ ಮರ್ಯಾದೆಯನ್ನೇ ಕಳೆಯುವ ಉಪಕಾರ. ಮೊದಲಿನದಕ್ಕಿಂತ ಗಟ್ಟಿ ತಿರುವು.

ಮದುವೆಯ ದೃಶ್ಯವೂ ಹೀಗೇ ಎಡವುವ ಜಾಗ. ಬೆಳಿಗ್ಗೆ ಓಡಿಹೋಗಿ ಮಧ್ಯಾಹ್ನ ರಿಜಿಸ್ಟರ್ ಮದುವೆ ಎಂದು ಹಲವರು ಬರೆಯುತ್ತಾರೆ. 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಇದು ಆಗದು. ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ 30 ದಿನ ನೆಲೆಸಿರಬೇಕು, ನೋಟಿಸನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸುತ್ತಾರೆ, ಆಕ್ಷೇಪಣೆಗೆ 30 ದಿನ ಇರುತ್ತದೆ, ಮೂವರು ಸಾಕ್ಷಿಗಳು ಬೇಕು. ಓದುಗರು ಈ ತಪ್ಪು ಹಿಡಿದರೆ ಬೇಸರಪಡಬೇಡಿ. ಗೋಡೆಯ ಮೇಲೆ ಹೆಸರು ಅಂಟಿಕೊಂಡ ಆ ಒಂದು ತಿಂಗಳಲ್ಲಿ ನಾಲ್ಕು ಅಧ್ಯಾಯಕ್ಕೆ ಬೇಕಾದ ಆತಂಕ ಇದೆ.

ತಿದ್ದಿದ ಪುಟವನ್ನು ಉಳಿಸಿಟ್ಟ ಇಬ್ಬರಿಗೆ ಕೊಡಿ. ಈ ಸಲ ‘ಯಾಕ ಹಿಂಗ ಮಾಡಿದ್ಲು?’ ಎಂಬ ಪ್ರಶ್ನೆ ನಿಂತು, ‘ಅವರವ್ವ ಏನಂದ್ಲು? ಆ ಹೊಲ ಮಾರಿದ್ರೇನು?’ ಎಂಬಂಥ ಪ್ರಶ್ನೆ ಬರತೊಡಗಿದರೆ ಎಳೆ ಗಟ್ಟಿಯಾಗಿದೆ. ಮೂರನೇ ಸುತ್ತು ಬೇಡ. ಅವರು ಕೇಳಿದ ಆ ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡು ಮೊದಲ ಅಧ್ಯಾಯ ಬರೆಯಲು ಕೂತುಕೊಳ್ಳಿ.